ಅರಗು ಹಚ್ಚಿದ ಪೆಡಲ್

ಸೈಕಲ್ಲಿನ ಎಡಗಡೆ ಪೆಡಲ್ಲಿನ ಥ್ರೆಡ್ ಉಲ್ಟಾ ಇರುತ್ತದೆ. ಬಲಗಡೆಯದು ಬಲಕ್ಕೆ ತಿರುಗಿಸಿದರೆ ಬಿಗಿ, ಎಡಗಡೆಯದು ಎಡಕ್ಕೆ ತಿರುಗಿಸಿದರೆ ಬಿಗಿ. ಇದು ಗೊತ್ತಿಲ್ಲದೆ ಸ್ಪ್ಯಾನರ್ ಮೇಲೆ ನಿಂತು ಒದ್ದು, ಥ್ರೆಡ್ ಹಾಳು ಮಾಡಿಕೊಂಡು ಬಂದವರಿಗೆ ನಾನು ಹೊಟ್ಟೆ ತುಂಬ ಬೈದಿದ್ದೇನೆ. ರಾಮನಗರದ ನನ್ನ ಅಂಗಡಿಯಲ್ಲಿ ಪಂಚರ್ ಹಾಕಿಸಿದರೆ ಬೈಗುಳ ಪುಕ್ಕಟೆ ಅಂತ ಜನ ಆಡಿಕೊಳ್ಳುತ್ತಾರೆ. ಹೀಗೆ ಊರಿಗೆಲ್ಲ ಬುದ್ಧಿ ಹೇಳುವ ನಾನು, ಒಬ್ಬ ಹೆಣ್ಣುಮಗಳಿಗೆ ಒಂದು ಜೊತೆ ಪೆಡಲ್ ಆರಿಸಿಕೊಡುವುದರಲ್ಲಿ ಮೂರು ಸಲ ಎಡವಿದೆ. ಮೂರನೆಯ ಸಲ ಅವಳ ಕೈಗೆ ಬಂದಿದ್ದ ಕೆಲಸವೇ ಹೋಗುವುದರಲ್ಲಿತ್ತು.

ಹೋದ ವರ್ಷ ಮಳೆ ನಿಂತು ಬೆಳಗಿನ ಹೊತ್ತು ಇಬ್ಬನಿ ಬೀಳತೊಡಗಿದ್ದ ಸಮಯ. ಮಾಗಡಿ ಕಡೆ, ಕಲ್ಯ ದಾಟಿದ ಮೇಲೆ ಬೆಟ್ಟದ ತಪ್ಪಲಲ್ಲಿ ಒಂದು ಹೋಂಸ್ಟೇ ಇದೆ. ಅದರ ಯಜಮಾನರು ನನಗೆ ಹಳೆಯ ಗಿರಾಕಿ. ಅವರ ಅತಿಥಿಗಳು ಓಡಿಸುವ, ಗೇರ್ ಇರುವ ಎಂಟು ಸೈಕಲ್‌ಗಳನ್ನು ರಿಪೇರಿ ಮಾಡುವವನು ನಾನೇ. ಅವತ್ತು ಜೀಪಿನ ಹಿಂದೆ ಒಂದು ಬೆಟ್ಟದ ಸೈಕಲ್ ಹಾಕಿಕೊಂಡು ಬಂದರು. ಜೊತೆಯಲ್ಲಿ ಮೂವತ್ತು ದಾಟಿದ ಒಬ್ಬ ಹೆಣ್ಣುಮಗಳು. ಚನ್ನಪಟ್ಟಣದವಳು, ಬೊಂಬೆ ಮಾಡುವ ಶೆಡ್ಡಿನಲ್ಲಿ ಲೇತ್ ಮೇಲೆ ಕೆಲಸ. ಮಾತಾಡಿದರೆ ಎದೆಯೊಳಗಿಂದ ಸುಯ್ ಅಂತ ಒಂದು ಸಣ್ಣ ಸೀಟಿಯ ಸದ್ದು ಬರುತ್ತಿತ್ತು.

"ಹೆಣ್ಮಕ್ಕಳ ಗುಂಪುಗಳು ಜಾಸ್ತಿ ಬರ್ತಾ ಇದಾವೆ. ಅವರ ಮುಂದೆ ಸೈಕಲ್ ಓಡಿಸ್ಕೊಂಡು ದಾರಿ ತೋರಿಸೋಕೆ ಹೆಣ್ಣುಮಗಳೇ ಬೇಕು" ಅಂದರು ಯಜಮಾನರು. "ಇವಳು ಸೈಕಲ್ ಬರ್ತದೆ ಅಂತಾಳೆ. ಮೂರು ವಾರ ಟೈಮ್ ಕೊಟ್ಟಿದೀನಿ. ಹೋಂಸ್ಟೇ ಹತ್ರ ಇರೋ ನಮ್ಮ ಬಂಡೆ ಹತ್ತಿ, ಮೇಲಿರೋ ಹುಣಸೆ ಮರ ಸುತ್ತಿ, ಕಾಲು ನೆಲಕ್ಕೆ ಊರದಂಗೆ ಇಳೀಬೇಕು. ಗೆಸ್ಟ್‌ಗಳ ಮುಂದೆ ಗೈಡೇ ಬಿದ್ರೆ ಏನ್ ಚೆಂದ?"

"ಸೈಕಲ್ ಎಲ್ಲಿ ಕಲ್ತೆ?" ಅಂತ ಅವಳನ್ನು ಕೇಳಿದೆ.

"ಎಂಟ್ನೇ ಕ್ಲಾಸಲ್ಲಿ ಸರ್ಕಾರ ಕೊಟ್ಟಿತ್ತಲ್ಲಣ್ಣ, ಆ ಸೈಕಲ್ನಾಗೆ. ಗೇರ್‌ದು ಮುಟ್ಟಿಲ್ಲ."

ಯಜಮಾನರು ಟೀ ಹೇಳಲು ಆಚೆ ಹೋದಾಗ ಅವಳು ದನಿ ಇಳಿಸಿ ಉಳಿದದ್ದನ್ನೂ ಹೇಳಿದಳು. ಮರದ ಧೂಳು, ಅರಗಿನ ಹೊಗೆ ಎದೆಗೆ ಕೂತಿದೆ. ಶೆಡ್ಡಿನ ಕೆಲಸ ಬಿಡಲೇಬೇಕು, ಬಯಲಲ್ಲಿ ಏನಾದರೂ ನೋಡಿಕೋ ಅಂತ ಡಾಕ್ಟರು ಎರಡು ಸಲ ಹೇಳಿದ್ದಾರಂತೆ. "ಬಯಲಲ್ಲಿ ಮಾಡೋ ಕೆಲ್ಸ ಯಾರಣ್ಣ ಕೊಡ್ತಾರೆ? ಇದೊಂದು ಸಿಕ್ಕೈತೆ. ಇದೂ ಹೋದ್ರೆ ಮತ್ತೆ ಅದೇ ಧೂಳು."

ನನಗೆ ಅಯ್ಯೋ ಅನ್ನಿಸಿತು. ಆದರೆ ಅಯ್ಯೋ ಅನ್ನಿಸಿದ ಮಾತ್ರಕ್ಕೆ ಬುದ್ಧಿ ನೆಟ್ಟಗಿರುತ್ತದೆ ಅಂತೇನಿಲ್ಲ. ಯಜಮಾನರಿಗೆ ಗೈಡು ನೋಡಲು ಜೋರಾಗಿರಬೇಕು ಅನ್ನುವ ಆಸೆ. ನನ್ನ ಗಾಜಿನ ಬೀರುವಿನಲ್ಲಿ ಒಂದು ಜೊತೆ ಕ್ಲಿಪ್ ಪೆಡಲ್, ಅದಕ್ಕೆ ಹೊಂದುವ ಶೂ ಬಹಳ ದಿನದಿಂದ ಕೂತಿದ್ದವು. ಶೂವಿನ ಅಡಿಯಲ್ಲಿ ಒಂದು ಲೋಹದ ತುಂಡಿರುತ್ತದೆ, ಅದು ಪೆಡಲ್ಲಿಗೆ ಟಕ್ ಅಂತ ಕಚ್ಚಿಕೊಳ್ಳುತ್ತದೆ. ಬಿಡಿಸಿಕೊಳ್ಳಬೇಕಾದರೆ ಹಿಮ್ಮಡಿಯನ್ನು ಹೊರಕ್ಕೆ ತಿರುಚಬೇಕು. ಬೆಂಗಳೂರಿನಿಂದ ಭಾನುವಾರ ಬರುವ ಹಳೆಯ ಸವಾರರು ಬಳಸುವಂಥದ್ದು. ಹೊಸಬರಿಗೆ ಕೊಡಬಾರದು ಅಂತ ನನಗೆ ಗೊತ್ತಿತ್ತು. ಶೂ ಅವಳ ಅಳತೆಯದೇ ಆಗಿತ್ತು. ಕೊಟ್ಟೆ.

ಆ ಭಾನುವಾರ ಬಂಡೆಯ ಹತ್ತಿರ ನಾನೂ ಹೋಗಿದ್ದೆ. ನೂರಡಿ ಹತ್ತುವಷ್ಟರಲ್ಲಿ ಅವಳು ಗೇರ್ ತಪ್ಪಿಸಿಕೊಂಡಳು, ಸೈಕಲ್ ನಿಂತಿತು. ಕಾಲು ಇಳಿಸಲು ಹೋದಳು, ಕಾಲು ಬರಲಿಲ್ಲ. ರಾಗಿ ಮೂಟೆ ಉರುಳಿದ ಹಾಗೆ ಸೈಕಲ್ ಸಮೇತ ಪಕ್ಕಕ್ಕೆ ಉರುಳಿದಳು. ನಾನು ಓಡಿಹೋಗಿ ಹಿಮ್ಮಡಿ ಹಿಡಿದು ತಿರುಚಿದ ಮೇಲೆಯೇ ಅವಳ ಕಾಲು ಬಿಡುಗಡೆಯಾಗಿದ್ದು. ಮೊಣಕೈ ತರಚಿ ರಕ್ತ ಬರುತ್ತಿತ್ತು.

"ಹಿಮ್ಮಡಿ ಆಚೆಗೆ ತಿರುಗ್ಸು ಅಂತ ಹತ್ತು ಸಲ ಹೇಳ್ಲಿಲ್ವಾ?" ಅಂತ ನಾನು ರೇಗಿದೆ.

"ಬೀಳೋ ಹೊತ್ನಾಗೆ ಹಿಮ್ಮಡಿ ಎಲ್ಲಣ್ಣ ನೆಪ್ಪಾಯ್ತದೆ?" ಅಂದಳು.

ಸರಿಯಾದ ಮಾತು. ಆದರೂ ಅವತ್ತು ಬರುವ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವಳನ್ನು ಬೈದುಕೊಂಡೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಅನ್ನುತ್ತಾರಲ್ಲ, ಇಲ್ಲಿ ನೆಲ ಡೊಂಕು ಮಾಡಿಟ್ಟವನೇ ನಾನು ಅನ್ನುವುದು ಆಮೇಲೆ ಹೊಳೆಯಿತು.

ಎರಡನೆಯದು ಅಲ್ಯುಮಿನಿಯಂ ಪೆಡಲ್. ಅಗಲವಾಗಿ ಚಪ್ಪಟೆ, ಎರಡು ಮುಖಕ್ಕೂ ಹತ್ತತ್ತು ಚೂಪಾದ ಮೊಳೆ. ಕಾಲು ಕಟ್ಟಿಹಾಕುವುದಿಲ್ಲ, ಯಾವಾಗ ಬೇಕಾದರೂ ಎತ್ತಬಹುದು. ಇಟ್ಟರೆ ಮೊಳೆಗಳು ಅಟ್ಟೆಯನ್ನು ಹಿಡಿದುಕೊಳ್ಳುತ್ತವೆ. ದಪ್ಪ ಅಟ್ಟೆಯ ಶೂ ಹಾಕಿಕೋ ಅಂತ ಹೇಳಿ ಕಳಿಸಿದೆ. ನಾಲ್ಕು ದಿನ ಬಿಟ್ಟು ಬಂದಾಗ ನೋಡುತ್ತೇನೆ, ಬಲ ಮೊಣಕಾಲಿನ ಕೆಳಗೆ ಮುಂದಿನ ಮೂಳೆಯ ಮೇಲೆ ಬೆಕ್ಕು ಪರಚಿದ ಹಾಗೆ ಸಾಲಾಗಿ ನಾಲ್ಕು ಗೀರು. ನಡೆಯುವುದೂ ಕುಂಟಿಕೊಂಡು. ಚಪ್ಪಲಿ ಹೊಸ್ತಿಲಾಚೆ ಬಿಟ್ಟು ಒಳಗೆ ಬಂದಳು. ಅಂಗಾಲು ತೋರಿಸು ಅಂದರೆ ನಾಚಿಕೊಂಡಳು. ಗದರಿಸಿದ ಮೇಲೆ ತೋರಿಸಿದಳು. ಮೊಳೆ ಚುಚ್ಚಿದ ಗಾಯಗಳು.

"ಶೂ ಎಲ್ಲಿ?"

"ಅದ್ನ ಹಾಕ್ಕಂಡ್ರೆ ಕಾಲಿಗೆ ಕಣ್ಣು ಕಟ್ದಂಗಾಯ್ತದೆ ಕಣಣ್ಣ. ಕಾಲು ಎಲ್ಲೈತೆ ಅಂತಾನೇ ಗೊತ್ತಾಗಾಕಿಲ್ಲ. ಅದ್ಕೆ ಬುಟ್ಬುಟ್ಟೆ."

"ಬರಿಗಾಲಲ್ಲಿ ಈ ಪೆಡಲ್ ತುಳಿದ್ಯಾ? ನಿಂಗೇನ್ ತಲೆ ಕೆಟ್ಟೈತಾ ತಾಯಿ?"

ಆಗ ಅವಳು ತನ್ನ ಬಲಗಾಲ ಹೆಬ್ಬೆರಳು ತೋರಿಸಿದಳು. ಅದರ ಪಕ್ಕಕ್ಕೆ ಗಟ್ಟಿಯಾದ ದಡ್ಡು ಕಟ್ಟಿತ್ತು. ಚಿಕ್ಕಂದಿನಲ್ಲಿ ಅಜ್ಜನ ಕೈ ಲೇತಿನಲ್ಲಿ ಕಲಿತವಳಂತೆ. ನೆಲದ ಮೇಲೆ ಕೂತು, ಒಂದು ಕೈಯಲ್ಲಿ ಬಿಲ್ಲು ಎಳೆದು ಮರ ತಿರುಗಿಸುತ್ತ, ಇನ್ನೊಂದು ಕೈಯಲ್ಲಿ ಉಳಿ ಹಿಡಿದು, ಆ ಉಳಿ ಅಲುಗದ ಹಾಗೆ ಕಾಲಿನ ಹೆಬ್ಬೆರಳಿನಿಂದ ಒತ್ತಿ ಹಿಡಿಯುವ ಕೆಲಸ. ಈಗ ಕರೆಂಟ್ ಲೇತ್ ಬಂದಿದೆ, ಬಿಲ್ಲು ಹೋಗಿದೆ. ಅವಳ ಬೆರಳು ಮಾತ್ರ ಉಳಿಯ ಮೇಲಿಂದ ಹೋಗಿಲ್ಲ. "ಮರ ಎಷ್ಟು ತೆಗೀಬೇಕು ಅಂತ ಕೈಗಿಂತ ಮುಂಚೆ ಈ ಬೆರಳ್ಗೆ ಗೊತ್ತಾಯ್ತದಣ್ಣ" ಅಂದಳು.

ಅಷ್ಟೂ ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಮುಲಾಮು ಕೊಟ್ಟು, ಶೂ ಇಲ್ಲದೆ ನನ್ನ ಅಂಗಡಿ ಮೆಟ್ಟಿಲು ಹತ್ತಬೇಡ ಅಂತ ಎಚ್ಚರಿಸಿ ಕಳಿಸಿದೆ.

ಮೂರು ದಿನ ಕಳೆದು ಒಂದು ಬಟ್ಟೆ ಚೀಲ ಹಿಡಿದುಕೊಂಡು ಬಂದಳು. ಮುಖದಲ್ಲಿ ನಗು. ಚೀಲದಿಂದ ಒಂದು ಜೊತೆ ಪೆಡಲ್ ತೆಗೆದು ಮೇಜಿನ ಮೇಲಿಟ್ಟಳು. ಹಳೆಯ ಕಾಲದ ಸೈಕಲ್ಲಿನ ಪೆಡಲ್ ನೋಡಿದ್ದೀರಲ್ಲ, ಮುಂದೊಂದು ಹಿಂದೊಂದು ರಬ್ಬರ್ ತುಂಡು ಬೋಲ್ಟಿನಲ್ಲಿ ಕೂತಿರುತ್ತವೆ. ಗುಜರಿಯಲ್ಲಿ ಅಂಥದ್ದೊಂದು ಜೊತೆ ಹುಡುಕಿ, ರಬ್ಬರ್ ಕಿತ್ತು, ಅದರ ಜಾಗಕ್ಕೆ ಬೊಂಬೆ ಮಾಡುವ ಆಲೆ ಮರದ ತುಂಡುಗಳನ್ನು ತಾನೇ ಕಡೆದು ಹಾಕಿದ್ದಳು. ಅಂಗಾಲಿನ ಕಮಾನಿಗೆ ಹೊಂದಲಿ ಅಂತ ನಡುವೆ ತುಸು ತಗ್ಗು. ಕೆಂಪು ಅರಗು, ಅಂಚಿಗೆ ಹಳದಿ ಪಟ್ಟೆ. ಅದರ ಮೇಲೆ ತಾಳೆಗರಿ ಒತ್ತಿ ತಿಕ್ಕಿ ತಿಕ್ಕಿ ಎಂಥ ಹೊಳಪು ತಂದಿದ್ದಳೆಂದರೆ, ಅಂಗಡಿಯ ಟ್ಯೂಬ್‌ಲೈಟು ಅದರಲ್ಲಿ ಕಾಣುತ್ತಿತ್ತು.

"ಮೊಳೆ ಇಲ್ಲ, ಶೂ ಬೇಡ. ಬರಿಗಾಲಿಗೆ ತಣ್ಣಗಿರ್ತದೆ" ಅಂದಳು.

ಮೂವತ್ತು ವರ್ಷ ಪೆಡಲ್ ಬಿಗಿದವನು ನಾನು. ಅದನ್ನು ಕೈಯಲ್ಲಿ ಹಿಡಿದ ಕ್ಷಣವೇ ಇದು ಜಾರುತ್ತದೆ ಅಂತ ಬೆರಳಿಗೆ ತಿಳಿಯಿತು. "ಇಷ್ಟು ನುಣುಪು ಯಾಕೆ ಮಾಡ್ದೆ?" ಅಂತ ಕೇಳಿಯೂ ಕೇಳಿದೆ.

"ತಾಳೆಗರಿ ಹಾಕ್ದೆ ಮಾಲು ಆಚೆ ಕಳ್ಸಾಕಾಯ್ತದಾ? ನಮ್ಮಜ್ಜ ಇದ್ದಿದ್ರೆ ಕೈ ಮೇಲೆ ಹೊಡೀತಿತ್ತು."

ಹೊಳಪು ಬಾರದ ಕೆಲಸ ಅವರಲ್ಲಿ ಮುಗಿದ ಕೆಲಸವೇ ಅಲ್ಲ. ಬೇಡ ಅನ್ನಲು ನನಗೆ ಬಾಯಿ ಬರಲಿಲ್ಲ. ಎರಡು ಸಲ ಪೆಟ್ಟು ತಿಂದ ಹೆಣ್ಣುಮಗಳು ಮತ್ತೆ ನಗುತ್ತ ಬಂದು ನಿಂತಿದ್ದಾಳೆ. ಒಣಗಿದ ಮರ ಆರಿಸಿ, ಕಡೆದು, ಬಣ್ಣ ಹಾಕಿ ತಂದಿದ್ದಾಳೆ. ಚಿನ್ನದ ಚೂರಿ ಅಂತ ಹೊಟ್ಟೆಗೆ ಚುಚ್ಚಿಕೊಳ್ಳುತ್ತಾರಾ ಅನ್ನುವ ಗಾದೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡು, ಗ್ರೀಸ್ ಹಚ್ಚಿ, ಅವನ್ನೇ ಹಾಕಿಕೊಟ್ಟೆ. ಬೈಯಬೇಕಾದ ಕಡೆ ಬೈಯಲಿಲ್ಲ. ಮೂರು ತಪ್ಪುಗಳಲ್ಲಿ ಇದೇ ದೊಡ್ಡದು.

ಮರುದಿನ ಬೆಳಗ್ಗೆ ಇಬ್ಬನಿ ಬಿದ್ದು ಬಂಡೆಯೆಲ್ಲ ತೇವ. ಬರಿಗಾಲಿನಲ್ಲಿ ಅವಳು ಆರಾಮವಾಗಿ ಮೇಲಕ್ಕೆ ಹತ್ತಿದಳಂತೆ, ಹುಣಸೆ ಮರವನ್ನೂ ಸುತ್ತಿದಳಂತೆ. ಇಳಿಯುವಾಗ ಮೊದಲನೆಯ ಕುಲುಕಾಟಕ್ಕೇ ಎರಡೂ ಕಾಲು ಒಟ್ಟಿಗೆ ಜಾರಿದವು. ಪೆಡಲ್ ಗಿರ್ರನೆ ತಿರುಗಿ ಮೊಣಕಾಲಿಗೆ ಬಡಿಯಿತು. ಸೈಕಲ್ ದಾರಿ ಬಿಟ್ಟು ಬಂಡೆಯ ಅಂಚಿನ ಕಡೆ ಹೋಯಿತು. ಅಲ್ಲೊಂದು ಲಾಂಟಾನ ಪೊದೆ ಇರದಿದ್ದರೆ ಏನಾಗುತ್ತಿತ್ತೋ, ನನಗೆ ಈಗಲೂ ಯೋಚಿಸಲು ಇಷ್ಟವಿಲ್ಲ.

ಮಧ್ಯಾಹ್ನ ಯಜಮಾನರ ಫೋನು ಬಂತು. "ಬೇಡ ಬಿಡಿ. ಇವತ್ತು ಅವಳ ಅದೃಷ್ಟ. ನಾಳೆ ಗೆಸ್ಟ್‌ನೂ ಕರ್ಕೊಂಡು ಬಿದ್ರೆ ನಾನು ಯಾರಿಗೆ ಉತ್ತರ ಹೇಳ್ಲಿ? ಸೈಕಲ್ ಓಡಿಸೋಕೆ ಅವಳ ಕೈಲಾಗಲ್ಲ."

ಫೋನಿಟ್ಟುಬಿಡುತ್ತಾರೆ ಅನ್ನಿಸಿದಾಗ ಬಾಯಿ ಬಿಟ್ಟೆ. "ಯಜಮಾನ್ರೇ, ಅವಳ ಕೈಲಾಗಲ್ಲ ಅಂತ ಹೇಳೋಕೆ ಅವಳಿಗೆ ಒಂದು ಸರಿಯಾದ ಪೆಡಲ್ ಕೊಟ್ಟೇ ಇಲ್ಲ. ಮೂರು ಸಲಾನೂ ತಪ್ಪು ನಂದು. ಈ ಭಾನುವಾರ ಒಂದು ಬಿಟ್ಟು ಮುಂದಿನ ಭಾನುವಾರ ನೋಡಿ. ಆಗ್ಲೂ ಆಗ್ಲಿಲ್ಲ ಅಂದ್ರೆ ನಾನೇ ಅವಳಿಗೆ ಹೇಳ್ತೀನಿ."

ತಪ್ಪು ನಂದು ಅನ್ನುವ ಮಾತು ನನ್ನ ಬಾಯಿಂದ ಬಂದದ್ದು ಕೇಳಿ ಅವರಿಗೂ ಆಶ್ಚರ್ಯವಾಗಿರಬೇಕು. ಒಪ್ಪಿಕೊಂಡರು.

ಮರುದಿನ ಅಂಗಡಿಗೆ ಬಾಗಿಲು ಹಾಕಿ, ಐದು ಬಗೆಯ ಪೆಡಲ್‌ಗಳನ್ನು ಚೀಲಕ್ಕೆ ತುಂಬಿಕೊಂಡು ಚನ್ನಪಟ್ಟಣದ ಬಸ್ಸು ಹತ್ತಿದೆ. ಇಷ್ಟು ದಿನ ಗಿರಾಕಿ ನನ್ನ ಅಂಗಡಿಗೆ ಬರಬೇಕು ಅಂತಿದ್ದವನು ಗಿರಾಕಿಯ ಕೆಲಸದ ಜಾಗಕ್ಕೆ ಹೋದದ್ದು ಅದೇ ಮೊದಲು.

ಶೆಡ್ಡಿನ ಬಾಗಿಲಲ್ಲಿ ನಿಂತರೆ ನನಗೂ ಕೆಮ್ಮು ಬಂತು. ಅವಳು ಮೂಗಿಗೆ ಬಟ್ಟೆ ಕಟ್ಟಿಕೊಂಡು, ಮೊಣಕಾಲಿಗೆ ಪಟ್ಟಿ ಸುತ್ತಿಕೊಂಡು ತಗ್ಗು ಮಣೆಯ ಮೇಲೆ ಕೂತಿದ್ದಳು. ನಾನು ಮಾತಾಡಿಸದೆ ಅವಳ ಕಾಲನ್ನೇ ನೋಡುತ್ತ ನಿಂತೆ. ಉಳಿಯ ಮೇಲೆ ಹೆಬ್ಬೆರಳು. ಮರಕ್ಕೆ ಉಳಿ ತಾಗಿದಾಗ ಬೆರಳು ಕೂದಲೆಳೆಯಷ್ಟು ಒತ್ತುತ್ತದೆ, ಗಂಟು ಬಂದರೆ ಸಡಿಲಿಸುತ್ತದೆ. ಹಿಮ್ಮಡಿ ಮೇಲೆದ್ದಿರುತ್ತದೆ, ಭಾರವೆಲ್ಲ ಬೆರಳ ತುದಿಗೆ. ಆಗ ನನಗೆ ಕಂಡಿತು. ಸೈಕಲ್ ಮೇಲೂ ಅವಳು ಹೀಗೆಯೇ ಕಾಲಿಡುತ್ತಿದ್ದಳು! ಪೆಡಲ್ಲಿನ ಅಂಚಿಗೆ ಬೆರಳ ತುದಿ, ಹಿಮ್ಮಡಿ ಆಕಾಶಕ್ಕೆ. ಕಲ್ಲಿನ ಮೇಲೆ ಸೈಕಲ್ ಕುಲುಕಿದರೆ ಅಂಥ ಕಾಲು ಯಾವ ಪೆಡಲ್ಲಿನ ಮೇಲೂ ನಿಲ್ಲುವುದಿಲ್ಲ. ಬೆರಳ ಬುಡದ ದಪ್ಪ ಭಾಗ ಪೆಡಲ್ ತಿರುಗುವ ಅಚ್ಚಿನ ಮೇಲೆ ಕೂರಬೇಕು, ಹಿಮ್ಮಡಿ ಇಳಿಯಬೇಕು. ದಪ್ಪ ಅಟ್ಟೆಯ ಶೂ ಹಾಕಿಸಿದರೆ ಅವಳ ಕಾಲು ಕುರುಡಾಗುತ್ತದೆ, ಬರಿಗಾಲಾದರೆ ಗಾಯ. ಇವೆರಡರ ನಡುವೆ ನಾನು ದಾರಿ ಹುಡುಕಬೇಕಿತ್ತು.

ಮೋಟರ್ ನಿಲ್ಲಿಸಿದಳು. ನನ್ನನ್ನು ನೋಡಿ ಗಾಬರಿಯಾಗಿ ಎದ್ದಳು. "ಕೆಲ್ಸ ಇಲ್ಲ ಅಂತ ಹೇಳಾಕೆ ಇಷ್ಟು ದೂರ ಬಂದ್ರಾ ಅಣ್ಣ?"

"ಸುಮ್ನೆ ಇಲ್ಲಿ ಬಾ" ಅಂದೆ. ಶೆಡ್ಡಿನಾಚೆ ಬೇವಿನ ಮರದಡಿ ಎರಡು ಇಟ್ಟಿಗೆಯ ಸಾಲು ಮಾಡಿ, ಅದರ ನಡುವೆ ಪೆಡಲ್‌ಗಳನ್ನು ಒಂದಾದ ಮೇಲೊಂದು ಅಲುಗದ ಹಾಗೆ ಇಟ್ಟೆ. ರಾಮನಗರದಿಂದ ತಂದಿದ್ದ ಬಿಳಿ ಕ್ಯಾನ್ವಾಸ್ ಶೂ ತೊಡಿಸಿದೆ. ಸ್ಕೂಲಿನ ಪಿಟಿ ಪಿರಿಯಡ್ಡಿಗೆ ಮಕ್ಕಳು ಹಾಕುವಂಥದ್ದು, ಚಪ್ಪಟೆಯಾದ ತೆಳು ರಬ್ಬರ್ ಅಟ್ಟೆ.

"ಕಣ್ಮುಚ್ಚು. ಒಂದೊಂದರ ಮೇಲೂ ಕಾಲಿಟ್ಟು ನಿಲ್ಲು. ನಾನು ಏನೂ ಹೇಳಲ್ಲ. ಯಾವುದು ಕಾಲಿಗೆ ಗೊತ್ತಾಗ್ತದೋ ಹೇಳು."

ಬೊಂಬೆಗೆ ಬಣ್ಣ ಹಾಕುತ್ತಿದ್ದವರೆಲ್ಲ ಆಚೆ ಬಂದು ನಿಂತು ನಕ್ಕರು. ಅವಳು ಕಣ್ಣು ಮುಚ್ಚಿಕೊಂಡು ಒಂದೊಂದನ್ನೇ ಮೆಟ್ಟಿದಳು. ಬಹಳ ಚೆಂದದ ಒಂದನ್ನು ತಕ್ಷಣ ಬಿಟ್ಟಳು. ನಾಲ್ಕನೆಯದರ ಮೇಲೆ ನಿಂತವಳು ಇಳಿಯಲಿಲ್ಲ. ಅದು ಕಪ್ಪು ನೈಲಾನ್ ಪೆಡಲ್. ನೋಡಲು ಮಂಕು, ಅಗಲ ಮಾತ್ರ ಚೆನ್ನಾಗಿದೆ, ದಪ್ಪ ಕಡಿಮೆ. ಅಲ್ಲಲ್ಲಿ ಗಿಡ್ಡ ಮೊಳೆಗಳು. ಮೂಲೆಯಲ್ಲಿ ಧೂಳು ತಿನ್ನುತ್ತಿದ್ದ ಮಾಲು.

"ಇದು ಕಾಲಿನ ಮಾತು ಕೇಳ್ತೈತೆ ಕಣಣ್ಣ. ಆದ್ರೆ ನಡುವೆ ಒಂದು ಎತ್ತರ ಐತೆ, ಅದು ಒತ್ತುತ್ತದೆ. ಬೆರಳ ಬುಡದಾಗೆ ಎರಡು ಮೊಳೆ ಬ್ಯಾಡ. ಅಂಚಿಂದೆಲ್ಲ ಇರ್ಲಿ."

ಸಣ್ಣ ಅಲೆನ್ ಕೀ ಹಿಡಿದು ನಾನು ನೆಲದ ಮೇಲೆ ಕೂತೆ. ಅವಳು ಕಣ್ಣು ಮುಚ್ಚಿ ನಿಂತೇ ಹೇಳುತ್ತ ಹೋದಳು: ಇದು ತೆಗೀರಿ, ಇದು ಅರ್ಧ ಇಳಿಸಿ, ಇದನ್ನ ಮುಟ್ಟಬೇಡಿ. ನಾನು ಬಿಚ್ಚುತ್ತ, ಇಳಿಸುತ್ತ ಹೋದೆ. ಇಷ್ಟು ವರ್ಷದಲ್ಲಿ ಒಬ್ಬ ಗಿರಾಕಿಯ ಕಾಲ ಬುಡದಲ್ಲಿ ಕೂತು ಅವರು ಹೇಳಿದ ಹಾಗೆ ಕೆಲಸ ಮಾಡಿದ್ದು ಅದೊಂದೇ ಸಲ. ನಡುವಿನ ಎತ್ತರವನ್ನು ಅರದಿಂದ ಉಜ್ಜಲು ಹೋದೆ. "ತತ್ತಾ ಇಲ್ಲಿ" ಅಂತ ಪೆಡಲ್ ಕಿತ್ತುಕೊಂಡು, ಒಳಗಿನಿಂದ ತನ್ನ ಉಳಿ ತಂದಳು. ಸವೆದು ಸವೆದು ಗೇಣುದ್ದಕ್ಕೆ ಬಂದಿದ್ದ ಅಜ್ಜನ ಕಾಲದ ಉಳಿ. ನಾಲ್ಕೇ ಸಲ ಎಳೆದಳು, ನೈಲಾನ್ ಹಪ್ಪಳದ ಹಾಗೆ ಸುರುಳಿ ಸುತ್ತಿ ಬಿತ್ತು. ಆಮೇಲೆ ಅಭ್ಯಾಸಬಲದಿಂದ ಕೈ ತಾಳೆಗರಿಯ ಕಡೆ ಹೋಯಿತು.

"ಏಯ್!" ಅಂತ ನಾನು ಕೂಗಿದೆ. "ಗರಿ ಮುಟ್ಟಿದ್ರೆ ನೋಡು!"

ಎಲ್ಲರೂ ನಕ್ಕರು. ಅವಳೂ ನಕ್ಕಳು, ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಬಹಳ ಹೊತ್ತು ಹಿಡಿಯಿತು. ಆ ಹೊತ್ತಿನಲ್ಲಿ ಯಾರೂ ನಗಲಿಲ್ಲ.

ಉಳಿದ ದಿನಗಳಲ್ಲಿ ಸಂಜೆ ಅವಳ ಕೆಲಸ ಮುಗಿದ ಮೇಲೆ ಅಭ್ಯಾಸ. ಶೂವಿನ ಪಕ್ಕಕ್ಕೆ ಬೆರಳ ಬುಡದ ನೇರಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದಿದ್ದೆ. ಆ ಗೆರೆ ಪೆಡಲ್ಲಿನ ಅಚ್ಚಿಗೆ ಕೂರಬೇಕು. ಇಳಿಜಾರಿನಲ್ಲಿ ಎರಡು ಪೆಡಲ್ಲೂ ಸಮ ಎತ್ತರಕ್ಕಿರಬೇಕು, ಒಂದು ಕೆಳಗಿದ್ದರೆ ಕಲ್ಲಿಗೆ ತಗಲುತ್ತದೆ. ಹಿಮ್ಮಡಿ ಇಳಿಸು, ಹಿಮ್ಮಡಿ ಇಳಿಸು ಅಂತ ಕೂಗಿ ಕೂಗಿ ನನ್ನ ಗಂಟಲು ಬಿತ್ತು. ನಾಲ್ಕನೆಯ ದಿನ ಕೂಗುವ ಕೆಲಸ ಇರಲಿಲ್ಲ.

ಆ ಭಾನುವಾರ ಯಜಮಾನರು ಕೈಕಟ್ಟಿಕೊಂಡು ಬಂಡೆಯ ಬುಡದಲ್ಲಿ ನಿಂತಿದ್ದರು. ಇಬ್ಬನಿ ಅವತ್ತೂ ಇತ್ತು. ಅವಳು ಬ್ಯಾಗಿನಿಂದ ಇನ್‌ಹೇಲರ್ ತೆಗೆದು ಎಳೆದುಕೊಂಡು, ಹೆಲ್ಮೆಟ್ ಬಿಗಿದು, ಹೊರಟಳು. ಗೇರ್ ಸರಿಯಾಗಿ ಬಿತ್ತು. ಮೊದಲ ಸಲ ಬಿದ್ದ ಜಾಗ ದಾಟಿದಳು. ಕೊನೆಯ ಕಡಿದಾದ ತುಣುಕಿನಲ್ಲಿ ಮುಂದಿನ ಚಕ್ರ ಎದ್ದಿತು. ಎಡಗಾಲು ಪೆಡಲ್ ಬಿಟ್ಟು ಗಾಳಿಗೆ ಬಂತು. ಅವಳು ಕೆಳಗೆ ನೋಡಲೇ ಇಲ್ಲ. ಕಾಲು ತಾನೇ ಹೋಗಿ ಪೆಡಲ್ ಹುಡುಕಿಕೊಂಡು, ಗೆರೆ ಇರುವಲ್ಲಿಗೇ ಕೂತು, ತುಳಿಯಿತು. ಹುಣಸೆ ಮರ ಸುತ್ತಿ, ಹಿಮ್ಮಡಿ ಇಳಿಸಿಕೊಂಡು, ಕುಲುಕಾಡುವ ಬಂಡೆಯ ಮೇಲೆ ಒಂದೇ ಸಮನೆ ಇಳಿದು ಬಂದು ಯಜಮಾನರ ಮುಂದೆ ಬ್ರೇಕ್ ಹಿಡಿದಳು. ಅವಳು ಕಾಲು ನೆಲಕ್ಕಿಟ್ಟದ್ದು ಆಗ ಮಾತ್ರ.

"ಸೋಮವಾರದಿಂದ ಬಾರಮ್ಮ" ಅಂದರು ಅವರು. ನಾನು ಟೈರಿನ ಗಾಳಿ ನೋಡುವವನ ಹಾಗೆ ಬಗ್ಗಿ ಕಣ್ಣೊರೆಸಿಕೊಂಡೆ.

ಎರಡು ತಿಂಗಳಾದ ಮೇಲೆ ಒಂದು ಬೆಳಗ್ಗೆ ಆರೇಳು ಹೆಂಗಸರ ಗುಂಪು ಅಂಗಡಿಯ ಮುಂದೆ ಬಂದು ನಿಂತಿತು. ಮುಂದೆ ಅವಳು. ಒಬ್ಬರ ಚೈನ್ ಕಳಚಿತ್ತಂತೆ, ತಾನೇ ಹಾಕಿಕೊಟ್ಟಿದ್ದಳು. ನನಗೆ ತೋರಿಸಲಷ್ಟೇ ಬಂದಿದ್ದಳು. ನಾನು ಚೈನ್ ನೋಡುತ್ತಿದ್ದಾಗ ಅವಳು ಸೀಟಿನ ಕೆಳಗಿನ ಸಣ್ಣ ಚೀಲದಿಂದ ಅಜ್ಜನ ಉಳಿ ತೆಗೆದು, ಕುಕ್ಕುರುಗಾಲಲ್ಲಿ ಕೂತು, ಪೆಡಲ್ಲಿನ ಮೊಳೆಗಳ ನಡುವೆ ಮೆತ್ತಿಕೊಂಡಿದ್ದ ಕೆಮ್ಮಣ್ಣನ್ನು ಕೆರೆಯತೊಡಗಿದಳು.

"ಅಜ್ಜನ ಉಳಿಗೆ ಇದೇನ್ ಕೆಲ್ಸ ಕೊಟ್ಟೆ?" ಅಂದೆ.

"ಸುಮ್ನೆ ಬುಟ್ರೆ ತುಕ್ಕು ಹಿಡೀತದಲ್ಲಣ್ಣ" ಅಂದಳು. ನಾನು ಚೈನು ಬಿಟ್ಟು ಅವಳ ಉಸಿರಿಗೆ ಕಿವಿಗೊಟ್ಟೆ. ಕಲ್ಯದಿಂದ ರಾಮನಗರದವರೆಗೆ ತುಳಿದುಕೊಂಡು ಬಂದ ಹೆಣ್ಣುಮಗಳು. ಎದೆಯ ಆ ಸೀಟಿ ಇಲ್ಲ, ಮಣ್ಣು ಕೆರೆಯುವ ಉಳಿಯ ಸದ್ದೊಂದೇ ಕೇಳಿಸುತ್ತಿತ್ತು.